ಎದ್ದು ಹೋಗದ ಸಭೆಯ ಮುಂದೆ: ಪ್ರಸಂಗ ಮಾಡುವವರಿಗೆ ಮಾರಾಟದವರ ಪಾಠ

ರಾತ್ರಿ ಒಂಬತ್ತೂವರೆ, ಕಂಕನಾಡಿಯ ಒಂದು ಕ್ಲಿನಿಕ್ಕು. ಪೇಶೆಂಟುಗಳೆಲ್ಲ ಮುಗಿದ ಮೇಲೆ ಎಂ.ಆರ್.ಗಳ, ಅಂದರೆ ಔಷಧ ಕಂಪನಿಯ ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳ ಸರದಿ. ಬ್ಯಾಗ್ ಹಿಡಿದು ಎರಡು ಗಂಟೆ ನಿಂತ ಹುಡುಗನಿಗೆ ಡಾಕ್ಟರ ಎದುರು ಸಿಗುವುದು ಹೆಚ್ಚೆಂದರೆ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದಲ್ಲಿ ಡಾಕ್ಟರು ಫೋನ್ ಎತ್ತಿಕೊಂಡರೆ, ‘ಆಯ್ತು, ಸ್ಯಾಂಪಲ್ ಇಟ್ಟು ಹೋಗಿ’ ಅಂದರೆ ಅವನ ದಿನ ಅಲ್ಲಿಗೆ ಮುಗಿಯಿತು.

ಅಂಥ ಹುಡುಗರಿಗೆ ಮಾತು ಕಲಿಸುವುದೇ 22 ವರ್ಷ ನನ್ನ ಕೆಲಸವಾಗಿತ್ತು. ಇನ್ನೊಂದು ಕೆಲಸವೂ ನನಗಿತ್ತು. ಚರ್ಚಿನ ಸಭಾಪಾಲಕರು, ಅಂದರೆ ಪಾದ್ರಿಗಳು, ಬೇರೆ ಕಡೆ ಹೋದ ಆದಿತ್ಯವಾರಗಳಲ್ಲಿ ನಮ್ಮ ಕನ್ನಡ ಸಭೆಯ ಪ್ರಸಂಗಪೀಠ ಹತ್ತಿ ಬೋಧನೆ ಮಾಡುವುದು. ಈ ಎರಡೂ ಒಂದೇ ಕಸುಬು ಎಂದು ನನಗೆ ಹೊಳೆಯಲಿಕ್ಕೆ ಹದಿಮೂರು ವರ್ಷ ಬೇಕಾಯಿತು. ಒಂದು ಆದಿತ್ಯವಾರ ನನ್ನ ಪ್ರಸಂಗವನ್ನು ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಮಧ್ಯಾಹ್ನ ಊಟದ ನಂತರ ಕೇಳಿದೆ. ನನ್ನ ಕೈಕೆಳಗಿನ ಯಾವ ಹುಡುಗನಾದರೂ ಡಾಕ್ಟರ ಮುಂದೆ ಹೀಗೆ ಮಾತಾಡಿದ್ದರೆ ಮರುದಿನವೇ ಅವನನ್ನು ತರಬೇತಿಗೆ ವಾಪಸ್ ಕಳಿಸುತ್ತಿದ್ದೆ.

ವ್ಯತ್ಯಾಸ ಇರುವುದು ಒಂದೇ ಕಡೆ. ಡಾಕ್ಟರು ಎದ್ದು ಹೋಗಬಹುದು, ಸಭೆ ಎದ್ದು ಹೋಗುವುದಿಲ್ಲ. ಮರ್ಯಾದೆಗೆ, ಭಕ್ತಿಗೆ, ಪಕ್ಕದಲ್ಲಿ ಅತ್ತೆ ಕೂತಿದ್ದಾರೆಂಬ ಕಾರಣಕ್ಕೆ ಕೂತೇ ಇರುತ್ತದೆ. ಕಿವಿ ಕೂತಿದೆಯೇ ಎಂದು ನಾವು ಯಾವತ್ತೂ ಪರೀಕ್ಷೆ ಮಾಡುವುದಿಲ್ಲ. ಮಾರಾಟದವನಿಗೆ ಆ ಪರೀಕ್ಷೆ ದಿನಕ್ಕೆ ಹತ್ತು ಸಲ ನಡೆಯುತ್ತದೆ. ಅವನಿಂದ ಕಲಿಯಬೇಕಾದದ್ದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ನಾನು ಚರ್ಚಿನವನಾದ್ದರಿಂದ ಉದಾಹರಣೆಗಳೆಲ್ಲ ಅಲ್ಲಿಯವೇ. ಆದರೆ ಮಠದ ಪ್ರವಚನಕಾರರಿಗೂ ಶುಕ್ರವಾರದ ಖುತುಬಾ ಓದುವವರಿಗೂ ಕಷ್ಟ ಬೇರೆಯೇನಲ್ಲ. ‘ಪ್ರಸಂಗ’ ಎಂಬ ಮಾತನ್ನೇ ನೋಡಿ. ನಮ್ಮ ಕನ್ನಡ ಸಭೆಗಳಲ್ಲಿ ಅದು ಆದಿತ್ಯವಾರದ ಬೋಧನೆ, ಚರ್ಚಿನ ಕಾಂಪೌಂಡು ದಾಟಿದರೆ ಯಕ್ಷಗಾನದ ಕಥೆ. ಒಂದೇ ಮಾತು ಎರಡಕ್ಕೂ ಸಲ್ಲುವ ಊರಲ್ಲಿ ಮಾತಾಡುವವನಿಗೆ ಪೈಪೋಟಿ ಜೋರು.

ಕೆಳಗಿನ ಹೆಜ್ಜೆಗಳಿಗೆ ಒಂದು ವಾರ ಬೇಕು. ಒಂದೇ ಕಥೆಯನ್ನು ಹಿಡಿದು ಹೋಗೋಣ: ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನು. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದವನನ್ನು ಒಬ್ಬ ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ನೋಡಿ ಆಚೆ ಬದಿಯಿಂದ ಹೋದರು, ಪರಕೀಯನಾದ ಸಮಾರ್ಯದವನು ನಿಂತು ಕಾಪಾಡಿದ. ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ಆರಿಸಿದ್ದೇನೆ. ಗೊತ್ತಿರುವ ಕಥೆ ಹೇಳುವುದೇ ಕಷ್ಟ.

ಸೋಮವಾರ: ಯಾರು ಕೂತಿರುತ್ತಾರೆ?

ಒಳ್ಳೆಯ ಎಂ.ಆರ್. ಡಾಕ್ಟರ ಬಾಗಿಲು ತಟ್ಟುವ ಮೊದಲು ‘ಪ್ರಿ-ಕಾಲ್ ಪ್ಲಾನಿಂಗ್’ ಮಾಡುತ್ತಾನೆ. ಈ ಡಾಕ್ಟರಲ್ಲಿಗೆ ಎಂಥ ಪೇಶೆಂಟುಗಳು ಬರುತ್ತಾರೆ, ಈಗ ಏನು ಬರೆದುಕೊಡುತ್ತಿದ್ದಾರೆ, ಹೋದ ಸಲ ಏನು ಕೇಳಿದ್ದರು, ಇದೆಲ್ಲ ಅವನ ಡೈರಿಯಲ್ಲಿರುತ್ತದೆ. ನಾವು ಪ್ರಸಂಗದವರು ನೇರ ವ್ಯಾಖ್ಯಾನದ ಪುಸ್ತಕ ತೆರೆಯುತ್ತೇವೆ.

ಪುಸ್ತಕ ಬುಧವಾರದ ತನಕ ಮುಚ್ಚಿರಲಿ. ಒಂದು ಹಾಳೆ ತೆಗೆದುಕೊಂಡು ಸಭೆಯಲ್ಲಿ ನಿಜವಾಗಿ ಕೂರುವ ಮೂವರನ್ನು ನೆನಪಿಸಿಕೊಳ್ಳಿ. ಹೆಸರು ಬರೆಯಬೇಡಿ, ಹಾಳೆ ಎಲ್ಲೆಲ್ಲೋ ಹೋಗುತ್ತದೆ. ನನ್ನ ಮೂವರು ಹೀಗಿದ್ದರು: ಗಂಡ ಕುವೈಟಿನಲ್ಲಿ, ಎರಡು ಮಕ್ಕಳನ್ನು ಒಬ್ಬಳೇ ಸಾಕುವ ನರ್ಸು, ನಿವೃತ್ತಿಯಾಗಿ ಎರಡು ವರ್ಷ, ಯಾರೂ ತನ್ನನ್ನು ಏನೂ ಕೇಳುವುದಿಲ್ಲ ಎಂಬ ಬೇಸರದ ಬ್ಯಾಂಕ್ ಮ್ಯಾನೇಜರು, ತಾಯಿಯ ಒತ್ತಾಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಇಂಜಿನಿಯರಿಂಗ್ ಹುಡುಗ. ಈ ಮೂವರಿಗೂ ಸಮಾರ್ಯದವನಿಂದ ಏನಾಗಬೇಕು? ನರ್ಸಿಗೆ ‘ಇನ್ನೊಬ್ಬರ ಸೇವೆ ಮಾಡಿ’ ಎಂದರೆ ಅವಳು ಮನಸ್ಸಲ್ಲೇ ಹೇಳುತ್ತಾಳೆ, ‘ನಿನ್ನೆ ನೈಟ್ ಡ್ಯೂಟಿ ಮಾಡಿಯೇ ಬಂದದ್ದು ಮಾರಾಯ್ರೇ.’ ಇದು ಸೋಮವಾರವೇ ಹೊಳೆದರೆ ಆದಿತ್ಯವಾರ ಅವಳ ಮುಖ ನೋಡಿ ತಡವರಿಸಬೇಕಾಗಿಲ್ಲ.

ಮಂಗಳವಾರ: ಒಂದೇ ವಾಕ್ಯ

ಬೇರೆ ಎಲ್ಲ ಹೆಜ್ಜೆ ಬಿಟ್ಟರೂ ಇದನ್ನು ಬಿಡಬೇಡಿ.

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದ ದಿನವನ್ನು ಸೇಲ್ಸ್ ತರಬೇತಿಗಳಲ್ಲಿ ಇವತ್ತಿಗೂ ಹಾಕಿ ತೋರಿಸುತ್ತಾರೆ. ಇವತ್ತು ಮೂರು ಹೊಸ ಸಾಧನ ತಂದಿದ್ದೇನೆ ಅಂದ: ಹಾಡು ಕೇಳುವ ಐಪಾಡ್, ಒಂದು ಫೋನ್, ಒಂದು ಇಂಟರ್ನೆಟ್ ಸಾಧನ. ಅದನ್ನೇ ಮತ್ತೆ ಮತ್ತೆ ಹೇಳಿದ. ಜನ ನಗಲು ಶುರುಮಾಡಿದ ಮೇಲೆ ಹೇಳಿದ್ದು: ಇವು ಮೂರಲ್ಲ, ಒಂದೇ. ಆ ಫೋನಿನಲ್ಲಿ ಹೇಳಬಹುದಾದ ನೂರು ಸಂಗತಿಗಳಿದ್ದವು. ಹೇಳಿದ್ದರಲ್ಲಿ ಮನೆ ತನಕ ಹೋದದ್ದು ಆ ಒಂದು.

ಒಂದು ವಾಕ್ಯ ಸಿಗಬೇಕಾದರೆ ಮೊದಲು ಹತ್ತು ಕೆಟ್ಟ ವಾಕ್ಯ ಬರೆಯಬೇಕು. ನನ್ನ ಮೊದಲ ಪ್ರಯತ್ನ ಹೀಗಿತ್ತು: ‘ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಪ್ರೀತಿಯ ಮಹತ್ವ.’ ಇದರಲ್ಲಿ ಕ್ರಿಯಾಪದವೇ ಇಲ್ಲ. ಇದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕುವ ಶೀರ್ಷಿಕೆ. ಎರಡನೆಯದು: ‘ನಾವು ಎಲ್ಲರನ್ನೂ ಪ್ರೀತಿಸಬೇಕು.’ ಕ್ರಿಯಾಪದ ಬಂತು, ಆದರೆ ಇದನ್ನು ಹೇಳಲಿಕ್ಕೆ ಸಮಾರ್ಯದವನು ಯಾಕೆ, ಯಾವ ಕಥೆಯೂ ಸಾಕು. ಮತ್ತೆ ಪಠ್ಯಕ್ಕೆ ಹೋಗಿ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಯೇಸು ಈ ಕಥೆ ಹೇಳುವ ಮೊದಲು ಒಬ್ಬ ಧರ್ಮೋಪದೇಶಕ ಕೇಳಿದ ಪ್ರಶ್ನೆ ‘ನನ್ನ ನೆರೆಯವನು ಯಾರು?’ ಯೇಸು ಕೊನೆಗೆ ವಾಪಸ್ ಕೇಳಿದ್ದು ಬೇರೆಯೇ ಪ್ರಶ್ನೆ: ಬಿದ್ದವನಿಗೆ ಈ ಮೂವರಲ್ಲಿ ಯಾರು ನೆರೆಯವನಾದ? ಪ್ರಶ್ನೆಯೇ ತಿರುಗಿತು. ಅಲ್ಲಿ ನನ್ನ ವಾಕ್ಯ ಸಿಕ್ಕಿತು: ‘ನೆರೆಯವನು ಯಾರೆಂದು ಲೆಕ್ಕ ಹಾಕುವುದನ್ನು ಬಿಟ್ಟು, ಬಿದ್ದವನಿಗೆ ನೀನೇ ನೆರೆಯವನಾಗು.’

ವಾಕ್ಯ ಸರಿಯಾಗಿದೆಯೇ ಎಂದು ನೋಡಲು ಮೂರು ಪರೀಕ್ಷೆಗಳನ್ನು ನನ್ನ ಹುಡುಗರಿಗೆ ಕೊಡುತ್ತಿದ್ದೆ. ಒಂದೇ ಉಸಿರಿನಲ್ಲಿ ಹೇಳಲಿಕ್ಕೆ ಬರಬೇಕು. ಕೇಳಿದವನು ಮನೆಗೆ ಹೋಗಿ ಹೆಂಡತಿಗೆ ಹೇಳಲಿಕ್ಕೆ ಬರಬೇಕು. ಮೂರನೆಯದು ಸ್ವಲ್ಪ ಕಠಿಣ: ಯಾರಾದರೂ ಅದನ್ನು ಒಪ್ಪದಿರಲು ಸಾಧ್ಯವಿರಬೇಕು. ಯಾರೂ ವಿರೋಧಿಸದ ಮಾತಿಗೆ ಅರ್ಧ ಗಂಟೆ ಯಾಕೆ?

ಈ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಡಿ. ವಾರವಿಡೀ ಸಿಕ್ಕುವ ಎಲ್ಲ ವಿಷಯವನ್ನೂ, ಎಷ್ಟೇ ಚಂದದ್ದಾಗಿರಲಿ, ಈ ಚೀಟಿಗೆ ತೋರಿಸಿ ಕೇಳಿ: ಬೇಕಾ? ಗ್ರೀಕ್ ಮೂಲದ ಒಂದು ಪದದ ಬಗ್ಗೆ ನನಗೆ ಬಹಳ ಮೋಹವಿತ್ತು. ಚೀಟಿ ಬೇಡ ಅಂದಿತು. ಹೊಟ್ಟೆ ಉರಿದರೂ ತೆಗೆದೆ.

ಎಷ್ಟು ಹೊತ್ತು?

ಟೆಡ್ ಭಾಷಣಗಳ ವೇದಿಕೆಯಲ್ಲಿ 18 ನಿಮಿಷದ ಮಿತಿ. ಹೂಡಿಕೆದಾರರ ಮುಂದೆ ನಿಲ್ಲುವವರಿಗೆ ಗೈ ಕವಾಸಾಕಿ ಹೇಳಿದ 10-20-30 ಸೂತ್ರ ಪ್ರಸಿದ್ಧ: 10 ಸ್ಲೈಡು, 20 ನಿಮಿಷ, 30 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಇನ್ನೂ ಬಿಗಿ ಮಾಡಿದರು. ಪೂಜೆಯ ಪ್ರಬೋಧನೆ ಎಂಟು ನಿಮಿಷ ದಾಟಬಾರದು, ಆಮೇಲೆ ಜನ ನಿದ್ದೆ ಹೋಗುತ್ತಾರೆ ಎಂದರು. ಬೈಬಲಿನಲ್ಲೇ ಸಾಕ್ಷಿ ಉಂಟು. ಅಪೊಸ್ತಲರ ಕೃತ್ಯಗಳು 20ರಲ್ಲಿ ಪೌಲನು ನಡುರಾತ್ರಿಯವರೆಗೆ ಮಾತಾಡಿದಾಗ ಯೂತಿಕನೆಂಬ ಹುಡುಗ ಕಿಟಕಿಯಲ್ಲಿ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಅವನನ್ನು ಬದುಕಿಸಿದ ಮೇಲೆ ಪೌಲನು ಮತ್ತೆ ಬೆಳಗಿನ ತನಕ ಮಾತಾಡಿದ. ಬಿದ್ದವನನ್ನು ಎಬ್ಬಿಸುವ ಶಕ್ತಿ ಇದ್ದವರಿಗೆ ಈ ಭಾಗ ಅನ್ವಯಿಸುವುದಿಲ್ಲ.

ಆದರೂ ನಿಮಿಷದ ಲೆಕ್ಕಕ್ಕೆ ನಾನು ಪೂರ್ತಿ ಒಪ್ಪುವವನಲ್ಲ. ಯಕ್ಷಗಾನ ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಕೇಳಲಿಕ್ಕೆ ರಾತ್ರಿಯಿಡೀ ಕೂತ ಊರು ನಮ್ಮದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಉಳಿದದ್ದು ಬರೀ ಮಾತು. ಕರಾವಳಿಯವನು ಉದ್ದಕ್ಕೆ ಹೆದರುವುದಿಲ್ಲ, ಸಪ್ಪೆಗೆ ಹೆದರುತ್ತಾನೆ. ಆದರೆ ನಾವು ಶೇಣಿಯವರಲ್ಲ. ಹಾಗಾಗಿ 18 ನಿಮಿಷಕ್ಕೆ ಬರೆದು 20ರಲ್ಲಿ ಮುಗಿಸಿ.

ಬುಧವಾರ, ಗುರುವಾರ: ಪೀಠಿಕೆ ಮತ್ತು ಚಿತ್ರ

ನನ್ನ ರೆಕಾರ್ಡಿಂಗಿನಲ್ಲಿ ಮೊದಲ ನಾಲ್ಕು ನಿಮಿಷ ಏನಿತ್ತು ಗೊತ್ತೇ? ವಂದನೆ, ಸಭಾಪಾಲಕರಿಗೆ ಕೃತಜ್ಞತೆ, ಹವಾಮಾನ, ‘ನಾನು ಇದಕ್ಕೆ ಯೋಗ್ಯನಲ್ಲ’ ಎಂಬ ವಿನಯ, ಹೋದ ವಾರದ ಪ್ರಸಂಗದ ಸಾರಾಂಶ, ‘ಸಮಯದ ಅಭಾವ ಇರುವುದರಿಂದ’ ಎಂಬ ನೆವ. ಡಾಕ್ಟರ ಮುಂದೆ ಇಷ್ಟಾಗುವಾಗ ಒಂದೂವರೆ ನಿಮಿಷ ಎರಡು ಸಲ ಮುಗಿದಿರುತ್ತದೆ.

ಅರ್ಥಧಾರಿಯ ಪೀಠಿಕೆಗೂ ಇದಕ್ಕೂ ಅಜಗಜಾಂತರ. ಪೀಠಿಕೆಯಲ್ಲಿ ಅವನು ಪಾತ್ರ ಎಲ್ಲಿ ನಿಂತಿದೆ, ಅದಕ್ಕೆ ಒಳಗೆ ಏನು ಕುದಿಯುತ್ತಿದೆ ಎಂದು ಕಟ್ಟುತ್ತಾನೆ. ಅದು ಉದ್ದವಿದ್ದರೂ ಕಥೆಯ ಒಳಗಿನಿಂದಲೇ ಬಂದದ್ದು. ನಮ್ಮದು ಕಥೆಯ ಹೊರಗಿನ ಜಗಲಿ.

ಮೊದಲ ಅರ್ಧ ನಿಮಿಷದಲ್ಲಿ ಒಂದು ಸ್ಥಳ, ಒಬ್ಬ ಮನುಷ್ಯ, ಒಂದು ತೊಂದರೆ ಬರಲಿ. ವಂದನೆಯನ್ನು ಎರಡು ಪದದಲ್ಲಿ ಮುಗಿಸಿ. ಕೃತಜ್ಞತೆಯನ್ನು ಕಾಫಿ ಕುಡಿಯುವಾಗ ಹೇಳಿದರೆ ಸಭಾಪಾಲಕರಿಗೂ ಹೆಚ್ಚು ಸಂತೋಷ.

ಇನ್ನು ಚಿತ್ರ. 2008ರಲ್ಲಿ ತೆಳು ಲ್ಯಾಪ್‌ಟಾಪ್ ತೋರಿಸಬೇಕಾದಾಗ ಅದೇ ಜಾಬ್ಸ್ ಮಿಲಿಮೀಟರ್ ಲೆಕ್ಕಕ್ಕೆ ನಿಲ್ಲಲಿಲ್ಲ. ಆಫೀಸಿನಲ್ಲಿ ಕಾಗದ ಹಾಕಿ ಕಳಿಸುವ ಕಂದು ಲಕೋಟೆಯೊಳಗಿಂದ ಅದನ್ನು ಹೊರಗೆಳೆದ. ಎಲ್ಲರ ಕೈಯೂ ಮುಟ್ಟಿದ ವಸ್ತು ಆ ಲಕೋಟೆ, ಹಾಗಾಗಿ ಅಳತೆ ತಾನಾಗಿ ಗೊತ್ತಾಯಿತು. ನಿಮ್ಮ ಸಭೆಯ ಕೈ ಮುಟ್ಟಿದ ವಸ್ತು ಯಾವುದು?

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯ ಬಗ್ಗೆ ವ್ಯಾಖ್ಯಾನಗಳಲ್ಲಿ ಬೇಕಾದಷ್ಟು ಉಂಟು. ಸುಮಾರು 27 ಕಿಲೋಮೀಟರ್, ಅಷ್ಟರಲ್ಲಿ ಸುಮಾರು ಸಾವಿರ ಮೀಟರ್ ಇಳಿಜಾರು. ಯೆರಿಕೋ ಇರುವುದೇ ಸಮುದ್ರಮಟ್ಟಕ್ಕಿಂತ ಕೆಳಗೆ. ಈ ಅಂಕಿಗಳನ್ನು ನಾನು ಮೂರು ಸಲ ಪ್ರಸಂಗದಲ್ಲಿ ಓದಿದ್ದೇನೆ. ಮೂರು ಸಲವೂ ಯಾರ ಮುಖದಲ್ಲೂ ಏನೂ ಆಗಲಿಲ್ಲ. ನಾಲ್ಕನೇ ಸಲ ಹೀಗೆ ಶುರುಮಾಡಿದೆ:

‘ಸಕಲೇಶಪುರದಲ್ಲಿ ಚಾ ಕುಡಿದು ಶಿರಾಡಿ ಘಾಟಿ ಇಳಿಯುತ್ತಿದ್ದೀರಿ. ರಾತ್ರಿ ಹನ್ನೊಂದೂವರೆ. ಜುಲೈ ತಿಂಗಳು, ವೈಪರ್ ಜೋರಾಗಿ ಓಡಿದರೂ ರಸ್ತೆ ಕಾಣುವುದಿಲ್ಲ. ಒಂದು ತಿರುವಿನಲ್ಲಿ ಬೈಕು ಬಿದ್ದಿದೆ. ಪಕ್ಕದಲ್ಲಿ ಒಬ್ಬ ಮಲಗಿದ್ದಾನೆ. ಕುಡಿದು ಬಿದ್ದನೋ, ಗುದ್ದಿ ಹೋದರೋ, ನಿಲ್ಲಿಸಿದವರನ್ನು ದೋಚಲಿಕ್ಕೆ ಹೂಡಿದ ಆಟವೋ ಗೊತ್ತಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿದ್ದಾರೆ. ಮುಂದಿನ ಕಾರು ನಿಲ್ಲಿಸಲಿಲ್ಲ.’

ಹಿಂದಿನ ಬೆಂಚಿನ ಹುಡುಗ ಫೋನ್ ಕೆಳಗಿಟ್ಟ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವನಿಗೆ ಆ ಘಾಟಿಯ ತಿರುವು ತಿರುವೂ ಗೊತ್ತು. ಯಾಜಕನೂ ಲೇವಿಯನೂ ಯಾಕೆ ಆಚೆ ಬದಿಯಿಂದ ಹೋದರು ಎಂದು ಆಮೇಲೆ ವಿವರಿಸಬೇಕಾಗಿಯೇ ಬರಲಿಲ್ಲ. ಎಲ್ಲರೂ ಒಂದಲ್ಲ ಒಂದು ಸಲ ಆಚೆ ಬದಿಯಿಂದ ಹೋದವರೇ.

ಇಲ್ಲಿ ಒಂದು ಎಚ್ಚರಿಕೆ. ಚಿತ್ರ ಸಿಕ್ಕಿತೆಂದು ಅಲ್ಲೇ ಕೂರಬೇಡಿ. ಘಾಟಿಯ ಗುಂಡಿ, ರಸ್ತೆ ಅಗಲೀಕರಣ, ಅಲ್ಲಿ ಕುಸಿದ ಗುಡ್ಡ ಎಂದು ಹೋದರೆ ಸಭೆ ನಿಮ್ಮ ಜೊತೆ ಖುಷಿಯಿಂದ ಬರುತ್ತದೆ, ಯೆರಿಕೋ ಮಾತ್ರ ಬರುವುದಿಲ್ಲ. ಎರಡು ನಿಮಿಷ ಸಾಕು.

ಭಾಷೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ರಸಂಗಪೀಠ ಹತ್ತಿದ ಕೂಡಲೇ ನಮಗೆಲ್ಲ ಒಂದು ವಿಚಿತ್ರ ಕನ್ನಡ ಬರುತ್ತದೆ: ‘ಆತನು ನಮಗೋಸ್ಕರವಾಗಿ ಅನುಗ್ರಹಿಸಲ್ಪಟ್ಟ...’ ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಜನರ ಗಾದೆ, ನುಡಿಗಟ್ಟುಗಳನ್ನು ಕೇಳಿ ಕೇಳಿ ಬರೆದುಕೊಂಡರು. ಅವರಲ್ಲೊಬ್ಬರಾದ ಕಿಟ್ಟೆಲರ, 1894ರಲ್ಲಿ ಅಚ್ಚಾದ ನಿಘಂಟಿನ ತುಂಬ ಗಾದೆಗಳಿವೆ. ಜರ್ಮನಿಯಿಂದ ಬಂದವರೇ ಜನ ಆಡುವ ಮಾತನ್ನು ಕಿವಿಗೊಟ್ಟು ಕೇಳಿದ ಮೇಲೆ ಇಲ್ಲೇ ಹುಟ್ಟಿದ ನಮಗೆ ಪುಸ್ತಕದ ಕನ್ನಡ ಯಾಕೆ? ಸಭೆಯಲ್ಲಿ ತುಳುವರಿದ್ದರೆ ಸರಿಯಾದ ಜಾಗದಲ್ಲಿ ಒಂದೇ ಒಂದು ತುಳು ವಾಕ್ಯ ಹಾಕಿ ನೋಡಿ. ನಿದ್ದೆಯಲ್ಲಿದ್ದವರೂ ತಲೆ ಎತ್ತುತ್ತಾರೆ. ಎರಡನೆಯದು ಹಾಕಿದರೆ ನಾಟಕವಾಗುತ್ತದೆ.

ಗುರುವಾರ ರಾತ್ರಿ: ಎದುರಾಳಿಯನ್ನು ಕರೆಯಿರಿ

ಎಂ.ಆರ್. ತರಬೇತಿಯಲ್ಲಿ ಅತಿ ಹೆಚ್ಚು ಸಮಯ ಹೋಗುವುದು ಆಕ್ಷೇಪಗಳಿಗೆ. ‘ನಿಮ್ಮದು ದುಬಾರಿ’, ‘ಹೊಟ್ಟೆ ಉರಿಯುತ್ತದೆ ಅಂತಾರೆ’, ‘ಈಗಿನದ್ದೇ ಚೆನ್ನಾಗಿ ನಡೀತಾ ಉಂಟಲ್ಲ’. ಹುಡುಗ ಇದನ್ನು ಕೇಳಿ ಬೆಪ್ಪಾಗಬಾರದೆಂದು ನಾವೇ ಡಾಕ್ಟರಾಗಿ ಕೂತು ಕೇಳುತ್ತಿದ್ದೆವು.

ತಾಳಮದ್ದಳೆಗೆ ಈ ಭಾಗ್ಯ ಹುಟ್ಟಿನಿಂದಲೇ ಉಂಟು. ವಾಲಿವಧೆಯಲ್ಲಿ ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳಿದಾಗ ರಾಮ ಉತ್ತರಿಸಲೇಬೇಕು. ದೇವರೆಂದು ರಿಯಾಯಿತಿ ಇಲ್ಲ. ಉತ್ತರ ಸಪ್ಪೆಯಾದರೆ ಸಭೆ ವಾಲಿಯ ಕಡೆ ಹೋಗುತ್ತದೆ. ಪ್ರಸಂಗಪೀಠದಲ್ಲಿ ನಮಗೆ ವಾಲಿಯೇ ಇಲ್ಲ, ಅದೇ ದೊಡ್ಡ ಅಪಾಯ. ಕೇಳುವವರೆಲ್ಲ ವಾಲಿಗಳೇ, ಬಾಯಿ ಮಾತ್ರ ಬಿಡುವುದಿಲ್ಲ.

ಹಾಗಾಗಿ ನಾವೇ ಅವರ ಪರವಾಗಿ ಕೇಳಬೇಕು, ಜೋರಾಗಿ, ಅವರದೇ ಮಾತಿನಲ್ಲಿ. ಸಮಾರ್ಯದವನ ಕಥೆಗೆ ನಮ್ಮ ಊರಿನ ಆಕ್ಷೇಪ ಯಾವುದೆಂದು ಎಲ್ಲರಿಗೂ ಗೊತ್ತು: ‘ನಿಲ್ಲಿಸಿದರೆ ಪೊಲೀಸ್ ಕೇಸು, ಆಮೇಲೆ ಕೋರ್ಟಿಗೆ ಅಲೆಯುವವರು ಯಾರು?’ ಇದಕ್ಕೆ ‘ದೇವರಲ್ಲಿ ಭರವಸೆ ಇಡಿ’ ಎಂಬ ಉತ್ತರ ಸಾಲದು. ಗಾಯಾಳುವಿಗೆ ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲೇ ಕಾನೂನಿನ ಬಲ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಪ್ರಾಮಾಣಿಕವಾಗಿ ನೆರವಾದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವ ಹಾಗಿಲ್ಲ, ಹೆಸರು ಹೇಳೆಂದು ಒತ್ತಾಯಿಸುವ ಹಾಗಿಲ್ಲ. ಆ ಕಾಯ್ದೆಯಲ್ಲಿ ಅಂಥವರಿಗೆ ಇಟ್ಟ ಹೆಸರೇ ‘ಒಳ್ಳೆಯ ಸಮಾರ್ಯದವನು’. ಪಾರ್ಲಿಮೆಂಟು ಲೂಕನ ಸುವಾರ್ತೆಯಿಂದ ಎತ್ತಿಕೊಂಡ ಮಾತನ್ನು ನಾವು ಪ್ರಸಂಗದಲ್ಲಿ ಹೇಳದಿದ್ದರೆ ಹೇಗೆ?

ನರ್ಸಿನ ಆಕ್ಷೇಪ ಬೇರೆ: ‘ನನಗೇ ಸುಸ್ತು.’ ಅದಕ್ಕೂ ಕಥೆಯಲ್ಲೇ ಜಾಗ ಉಂಟು. ಸಮಾರ್ಯದವನು ಎಲ್ಲವನ್ನೂ ತಾನೇ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರಕ್ಕೆ ಮುಟ್ಟಿಸಿದ, ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ ಕೊಟ್ಟ, ಛತ್ರದವನಿಗೆ ಹೇಳಿ ತನ್ನ ದಾರಿ ಹಿಡಿದ. ಕೆಲಸ ಹಂಚಿದ. ಇದನ್ನು ಹೇಳಿದಾಗ ಅವಳ ಭುಜ ಸ್ವಲ್ಪ ಇಳಿದದ್ದನ್ನು ಮೇಲಿನಿಂದಲೇ ನೋಡಿದೆ.

ಸ್ಲೈಡು ಬೇಕಾ?

ಪವರ್‌ಪಾಯಿಂಟ್ 1987ರಲ್ಲಿ ಮಾರುಕಟ್ಟೆಗೆ ಬಂತು. ಚರ್ಚಿಗೆ ಪ್ರೊಜೆಕ್ಟರ್ ಬಂದ ಮೇಲೆ ಪ್ರಸಂಗಿಗಳೆಲ್ಲ ಗೋಡೆ ಓದಲು ಶುರುಮಾಡಿದರು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡ ಕೊಲಂಬಿಯಾ ದುರಂತದ ತನಿಖೆಯಲ್ಲಿ ಒಂದು ಸ್ಲೈಡಿನ ಮಾತು ಬರುತ್ತದೆ. 2003ರ ಫೆಬ್ರವರಿ 1ಕ್ಕೆ ನೌಕೆ ಒಡೆದು ಚೂರಾಗುವ ಮೊದಲು, ರೆಕ್ಕೆಗೆ ಬಡಿದ ಫೋಮಿನ ತುಂಡು ಎಷ್ಟು ಹಾನಿ ಮಾಡಿರಬಹುದು ಎಂದು ಎಂಜಿನಿಯರುಗಳು ಸ್ಲೈಡುಗಳಲ್ಲಿ ವರದಿ ಕೊಟ್ಟಿದ್ದರು. ಆ ತುಂಡು ಪರೀಕ್ಷೆಗೆ ಬಳಸಿದ್ದಕ್ಕಿಂತ ನೂರಾರು ಪಟ್ಟು ದೊಡ್ಡದೆಂಬ ಸಂಗತಿ ಕಟ್ಟಕಡೆಯ ಸಣ್ಣ ಸಾಲಿನಲ್ಲಿತ್ತು. ಮೇಲಿನ ತಲೆಬರಹ ಸಮಾಧಾನದ ಧಾಟಿಯಲ್ಲಿತ್ತು. ಅಮೆಝಾನ್ ಕಂಪನಿ 2004ರಲ್ಲಿ ಹಿರಿಯರ ಮೀಟಿಂಗಿನಿಂದ ಪವರ್‌ಪಾಯಿಂಟನ್ನೇ ತೆಗೆದು, ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತನ್ನಿ ಅಂದಿತು.

ನನ್ನ ಸಲಹೆ ಚಿಕ್ಕದು: ಪಠ್ಯದ ವಚನಕ್ಕೆ ಒಂದು ಸ್ಲೈಡು, ಬೇಕಿದ್ದರೆ ಒಂದು ಚಿತ್ರ. ಉಳಿದ ಹೊತ್ತು ಪರದೆ ಕಪ್ಪಗಿರಲಿ. ಕರೆಂಟ್ ಹೋದರೆ ಪ್ರಸಂಗ ನಿಲ್ಲುವಂತಿದ್ದರೆ ಅದು ಪ್ರಸಂಗವೇ ಅಲ್ಲ.

ಮೈಕಿನ ವಿಷಯ ಮಾತ್ರ ಗಂಭೀರ. ಶನಿವಾರ ಸಂಜೆ ಹೋಗಿ ನಿಲ್ಲಿ, ಹಿಂದಿನ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ ಕೇಳಿ. ಫ್ಯಾನುಗಳೆಲ್ಲ ಓಡುತ್ತಿರಲಿ, ಯಾಕೆಂದರೆ ಆದಿತ್ಯವಾರ ಓಡುತ್ತವೆ. ಮಳೆಗಾಲಕ್ಕೆ ಬೇರೆಯೇ ತಯಾರಿ ಬೇಕು. ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಜೊತೆ ಮಾತಾಡಬಹುದು. ಶೀಟಿನ ಮೇಲೆ ಬೀಳುವ ಮಳೆ ಯಾರ ಮಾತನ್ನೂ ಕೇಳಿಸಗೊಡುವುದಿಲ್ಲ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಬಾಸೆಲ್ ಮಿಷನ್. ಪ್ರಸಂಗಕ್ಕೆ ಅವರು ಮಾಡಿದ ದೊಡ್ಡ ಉಪಕಾರ ಇದೇ ಇರಬೇಕೆಂದು ಜೂನ್ ತಿಂಗಳಲ್ಲಿ ನನಗೆ ಅನಿಸುವುದುಂಟು. ಮಳೆ ಜೋರಾದರೆ ಅದರ ಮೇಲೆ ಕಿರುಚಬೇಡಿ. ಸುಮ್ಮನೆ ನಿಲ್ಲಿ. ಕಡಿಮೆಯಾಗುವವರೆಗೆ ಒಂದು ಕೀರ್ತನೆ ಹಾಡಿಸಿ.

ಶುಕ್ರವಾರ, ಶನಿವಾರ: ನಿಂತು, ಬಾಯಿಬಿಟ್ಟು

ಜಾಬ್ಸ್ ಅಷ್ಟು ಸಲೀಸಾಗಿ ಮಾತಾಡುತ್ತಿದ್ದದ್ದು ಹುಟ್ಟುಗುಣ ಎಂದು ಬಹಳ ಮಂದಿ ತಿಳಿದಿದ್ದಾರೆ. ಒಂದೊಂದು ಕಾರ್ಯಕ್ರಮಕ್ಕೂ ದಿನಗಟ್ಟಲೆ ವೇದಿಕೆಯ ಮೇಲೆಯೇ ತಾಲೀಮು ನಡೆಯುತ್ತಿತ್ತು. ಪ್ರಸಂಗಿಗಳಲ್ಲಿ ‘ತಾಲೀಮು’ ಅಂದರೆ ಕೆಲವರಿಗೆ ಮುಜುಗರ. ಪವಿತ್ರಾತ್ಮನ ನಡೆಸುವಿಕೆಗೆ ಬಿಡಬೇಕು ಅನ್ನುತ್ತಾರೆ. ಗಾಯನವೃಂದ ಒಂದು ಹಾಡಿಗೆ ಮೂರು ವಾರ ಅಭ್ಯಾಸ ಮಾಡುವಾಗ ಆತ್ಮನಿಗೆ ಬೇಸರವಾಗುವುದಿಲ್ಲವಷ್ಟೆ.

ಕೂತು ಓದಿದರೆ ಅದು ಲೆಕ್ಕಕ್ಕಿಲ್ಲ. ನಿಂತು, ಗಟ್ಟಿಯಾಗಿ, ಪೂರ್ತಿ, ಮೂರು ಸಲ ಹೇಳಬೇಕು. ಮೊದಲ ಸಲ ಮುಗ್ಗರಿಸಿದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ನಾಲಗೆ ಮುಗ್ಗರಿಸುವ ಕಡೆ ಸಾಮಾನ್ಯವಾಗಿ ಯೋಚನೆಯೇ ಮುಗ್ಗರಿಸಿರುತ್ತದೆ. ಎರಡನೇ ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳುವಾಗ ಕಷ್ಟವಾಗುತ್ತದೆ, ಕೇಳಿ. ನನ್ನ ಒಂದು ಪ್ರಸಂಗದಲ್ಲಿ ‘ಪ್ರಿಯರೇ’ ಎಂಬ ಮಾತು 41 ಸಲ ಬಂದಿತ್ತು. ಅಷ್ಟು ಸಲ ಕರೆದರೆ ಯಾರಿಗೂ ಪ್ರೀತಿ ಉಳಿಯುವುದಿಲ್ಲ. ಮೂರನೇ ಸಲ ಕಾಗದವಿಲ್ಲದೆ. ನಾನು ಇದನ್ನು ತಣ್ಣೀರುಬಾವಿ ಕಡಲತೀರದಲ್ಲಿ ನಡೆಯುತ್ತಾ ಮಾಡುತ್ತೇನೆ. ನೋಡಿದವರು ಬ್ಲೂಟೂತ್‌ನಲ್ಲಿ ಯಾರ ಜೊತೆಗೋ ಜಗಳ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಬಾಯಿಪಾಠ ಬೇಡ. ಮೊದಲ ನಾಲ್ಕು ವಾಕ್ಯ, ಕೊನೆಯ ನಾಲ್ಕು ವಾಕ್ಯ, ಚೀಟಿಯ ಒಂದು ವಾಕ್ಯ, ಇಷ್ಟು ಮಾತ್ರ ಕಂಠಸ್ಥವಿರಲಿ.

ಆದಿತ್ಯವಾರ: ಕೇಳಿಕೊಳ್ಳುವುದು

ಮಾರಾಟದಲ್ಲಿ ಇದಕ್ಕೆ ‘ಕ್ಲೋಸಿಂಗ್’ ಅನ್ನುತ್ತಾರೆ. ಚೆನ್ನಾಗಿ ಮಾತಾಡಿ, ಕೊನೆಗೆ ‘ಥ್ಯಾಂಕ್ಯೂ ಡಾಕ್ಟರ್’ ಎಂದು ಹೊರಟು ಬರುವ ಹುಡುಗರು ಬಹಳ. ‘ಮುಂದಿನ ಮೂರು ಪೇಶೆಂಟುಗಳಿಗೆ ಬರೆದು ನೋಡ್ತೀರಾ ಡಾಕ್ಟರ್?’ ಎಂದು ಕೇಳಲು ನಾಚಿಕೆ. ನಮ್ಮ ಪ್ರಸಂಗಗಳೂ ಹಾಗೇ ಮುಗಿಯುತ್ತವೆ: ‘ನಾವೆಲ್ಲರೂ ಸಮಾರ್ಯದವನಂತೆ ಜೀವಿಸೋಣ.’ ಎಲ್ಲರೂ ಆಮೆನ್ ಅನ್ನುತ್ತಾರೆ. ಮನೆಗೆ ಹೋಗಿ ಏನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ.

ಕೇಳಿಕೊಳ್ಳುವುದನ್ನು ಉಡುಪಿಯವರಿಂದ ಕಲಿಯಬೇಕು. 1925ರಲ್ಲಿ ಅಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ದಿನಾಲೂ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ‘ಉಳಿತಾಯದ ಮಹತ್ವ’ ಎಂದು ಭಾಷಣ ಮಾಡಿದ್ದರೆ ಬೀಡಿ ಕಟ್ಟುವವರು, ನೇಯುವವರು ಯಾರು ಕೇಳುತ್ತಿದ್ದರು? ಕೇಳಿದ್ದು ಎರಡಾಣೆ, ಇವತ್ತಿನದ್ದು ಇವತ್ತೇ.

ನಾನು ಕೇಳಿದ ಎರಡಾಣೆ ಇದು: ‘ಇವತ್ತು ಮನೆಗೆ ಹೋದ ಮೇಲೆ ಒಂದು ಹಳೆಯ ಬೆಡ್‌ಶೀಟ್ ಮಡಚಿ ಕಾರಿನ ಡಿಕ್ಕಿಯಲ್ಲಿಡಿ. ಕಾರಿಲ್ಲದವರು ಬ್ಯಾಗಿನಲ್ಲಿ ಒಂದು ಶುದ್ಧ ಟವೆಲ್ ಇಡಿ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನಿಲ್ಲಿಸಿ 108ಕ್ಕೆ ಫೋನ್ ಮಾಡಿ, ರಕ್ತ ಹೋಗುವಲ್ಲಿ ಬಟ್ಟೆ ಒತ್ತಿ ಹಿಡಿದು ಆಂಬುಲೆನ್ಸ್ ಬರುವ ತನಕ ಇರಿ.’ ಇಷ್ಟೇ. ಕೂತುಬಿಟ್ಟೆ.

ಇಲ್ಲಿಯೇ ಮಾರಾಟದವರ ದಾರಿಯನ್ನು ಬಿಡಬೇಕಾದ ಜಾಗವೂ ಉಂಟು. ‘ಆಫರ್ ಇವತ್ತಿಗೆ ಮಾತ್ರ’ ಎಂಬ ಅವಸರ ನಮಗೆ ಬೇಡ. ಹೆದರಿಸಿ ಕೈ ಎತ್ತಿಸುವುದು, ಹಿನ್ನೆಲೆ ಸಂಗೀತ ಹಾಕಿ ಕಣ್ಣೀರು ಬರಿಸುವುದು, ಆ ಕಣ್ಣೀರನ್ನು ಲೆಕ್ಕ ಹಾಕಿ ವರದಿ ಬರೆಯುವುದು, ಇದೆಲ್ಲ ನಾನು ನೋಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಕಂಪನಿ ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದ ಹುಡುಗರನ್ನು ಎಲ್ಲರೆದುರು ನಿಲ್ಲಿಸುತ್ತಿತ್ತು. ಆ ಹುಡುಗರು ಮರುದಿನ ಡಾಕ್ಟರ ಬಳಿ ಸುಳ್ಳು ಹೇಳಲು ಕಲಿತರು. ಸಭೆಯ ಹಾಜರಿ, ಕಾಣಿಕೆ, ಯೂಟ್ಯೂಬ್ ವೀಕ್ಷಣೆ ಪ್ರಸಂಗಿಗೆ ಟಾರ್ಗೆಟ್ ಆದರೆ ಅಲ್ಲಿಯೂ ಅದೇ ಆಗುತ್ತದೆ.

ಮತ್ತೆ ಸೋಮವಾರ: ಜಾಯಿಂಟ್ ವರ್ಕ್

ಮ್ಯಾನೇಜರು ಹುಡುಗನ ಜೊತೆ ಇಡೀ ದಿನ ಕ್ಲಿನಿಕ್ಕು ಕ್ಲಿನಿಕ್ಕು ಸುತ್ತುವುದಕ್ಕೆ ‘ಜಾಯಿಂಟ್ ವರ್ಕ್’ ಅನ್ನುತ್ತಾರೆ. ಒಳಗೆ ಬಾಯಿ ಬಿಡುವುದಿಲ್ಲ, ಹೊರಗೆ ಬಂದ ಮೇಲೆ ಚಾ ಅಂಗಡಿಯಲ್ಲಿ ಹೇಳುತ್ತಾರೆ. ಪ್ರಸಂಗಿಗೆ ಅಂಥವರು ಯಾರೂ ಇಲ್ಲ. ಬಾಗಿಲಲ್ಲಿ ನಿಂತು ಕೈ ಕುಲುಕುವಾಗ ‘ಚೆನ್ನಾಗಿತ್ತು’ ಎಂಬ ಮಾತು ಸಿಗುತ್ತದೆ, ಅದರಿಂದ ಉಪಯೋಗವಿಲ್ಲ. ‘ಹೇಗಿತ್ತು?’ ಎಂದು ಕೇಳಿದರೆ ಬೇರೆ ಉತ್ತರ ಬರಲು ಸಾಧ್ಯವೂ ಇಲ್ಲ.

ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ನಿಮ್ಮನ್ನು ಹೊಗಳದವರನ್ನು. ಸೋಮವಾರ ಸಂಜೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ನಾನು ಏನು ಹೇಳಿದೆ? ಎಲ್ಲಿ ನಿಮ್ಮ ಗಮನ ತಪ್ಪಿತು? ಮೊದಲನೆಯದಕ್ಕೆ ಚೀಟಿಯ ವಾಕ್ಯ ವಾಪಸ್ ಬಂದರೆ ಸಾಕು, ಪದಕ್ಕೆ ಪದ ಬೇಕಾಗಿಲ್ಲ. ಎರಡನೆಯದಕ್ಕೆ ಬಂದ ಉತ್ತರಕ್ಕೆ ಸಮರ್ಥನೆ ಕೊಡಬೇಡಿ. ಬರೆದುಕೊಳ್ಳಿ.

ನನ್ನ ಇಬ್ಬರಲ್ಲಿ ಒಬ್ಬರು ನಿವೃತ್ತ ಟೀಚರು, ಎಂಬತ್ತು ದಾಟಿದವರು. ಘಾಟಿಯ ಪ್ರಸಂಗದ ಮರುದಿನ ಫೋನ್ ಮಾಡಿದೆ.

‘ಟೀಚರ್, ನಿನ್ನೆ ನಾನು ಹೇಳಿದ್ದೆಂತ?’

‘ನೆರೆಯವನನ್ನು ಹುಡುಕ್ಬೇಡ, ನೀನೇ ಆಗು ಅಂದದ್ದು. ಬೆಡ್‌ಶೀಟ್ ಇಟ್ಟಾಯ್ತು, ಮಗನ ಕಾರಲ್ಲಿ.’

‘ಗಮನ ಎಲ್ಲಿ ತಪ್ಪಿತು?’

‘ಕಾಯ್ದೆಯ ನಂಬರ್ ಹೇಳುವಾಗ. ಆಮೇಲೆ ನನ್ನ ತಲೆ ಬೇರೆ ಕಡೆ ಹೋಯ್ತು ನೋಡು. ಆ ಛತ್ರದವನ ಹತ್ರ ಹೆಚ್ಚು ಖರ್ಚಾದ್ರೆ ಬರುವಾಗ ಕೊಡ್ತೇನೆ ಅಂದ ಅಲ್ವಾ ಸಮಾರ್ಯದವ? ಪರಿಚಯ ಇಲ್ಲದವನ ಮಾತು ನಂಬಿ ಗಾಯಾಳುವನ್ನು ಇಟ್ಟುಕೊಂಡನಲ್ಲ, ಆ ಛತ್ರದವನ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ಒಂದು ಪ್ರಸಂಗ ಮಾಡಿದ್ದು ನಾನು ಕೇಳ್ಲಿಲ್ಲ.’

ಫೋನ್ ಇಟ್ಟು ಹೊಸ ಹಾಳೆ ತೆಗೆದೆ.